ಪುಟದಂಚಿನಲ್ಲಿ ಬರೆದವರು: ಲಂಕೇಶ್ ಮತ್ತು ಅವರ ಓದುಗರು



ಈ ಉಪನ್ಯಾಸದ ದತ್ತಿ ಯಾವ ಲೇಖಕರ ಹೆಸರಿನಲ್ಲೂ ಇಲ್ಲ. ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ 32 ವರ್ಷ ಪುಸ್ತಕ ಕೊಟ್ಟು, ಪುಸ್ತಕ ತೆಗೆದುಕೊಂಡು, ಕಿತ್ತುಹೋದ ರಟ್ಟಿಗೆ ಅಂಟು ಹಚ್ಚಿ ನಿವೃತ್ತರಾದ ಗ್ರಂಥಪಾಲಕರ ನೆನಪಿಗೆ ಅವರ ಮನೆಯವರು ಇಟ್ಟ ದತ್ತಿ ಇದು. ದತ್ತಿಪತ್ರದಲ್ಲಿರುವ ಷರತ್ತು ಒಂದೇ. ಉಪನ್ಯಾಸ ಓದುಗರ ಬಗ್ಗೆ ಇರಬೇಕು. ಕರೆದಾಗ ತಕ್ಷಣ ಒಪ್ಪಿಕೊಂಡೆ. ಆ ಗ್ರಂಥಪಾಲಕರು ನನಗೆ ಒಂದು ಪುಸ್ತಕ ತೋರಿಸಿದ್ದರು. ಅದರ ಬಗ್ಗೆ ಎಲ್ಲಾದರೂ ಮಾತಾಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಪುಸ್ತಕ ಪಿ. ಲಂಕೇಶರ ‘ಟೀಕೆ-ಟಿಪ್ಪಣಿ’ಯ ಒಂದು ಸಂಪುಟ. ಸಗಟು ಖರೀದಿಯಲ್ಲಿ ಬಂದ ಪ್ರತಿ. ಬೆನ್ನು ಸಡಿಲಾಗಿತ್ತು, ಪರಿಗ್ರಹಣ ಸಂಖ್ಯೆ ಬರೆದ ಜಾಗದಲ್ಲಿ ಚಹಾದ ಕಲೆ. ತೆರೆದರೆ ಅಂಚುಗಳ ತುಂಬ ಬರವಣಿಗೆ. ಒಬ್ಬರು ನೀಲಿ ಶಾಯಿಯಲ್ಲಿ, ಒತ್ತಿ ಒತ್ತಿ ಬರೆದಿದ್ದಾರೆ. ಹಿಂದಿನ ಪುಟದಲ್ಲಿ ಕೈಯಾಡಿಸಿದರೆ ಉಬ್ಬು ಸಿಗುತ್ತದೆ. ಇನ್ನೊಬ್ಬರದು ಪೆನ್ಸಿಲ್, ಸಣ್ಣ ಅಕ್ಷರ, ಮೇಷ್ಟರ ಕೈಬರಹದಂತೆ ದುಂಡಗೆ. ಮೂರನೆಯವರದು ತೀರಾ ಇತ್ತೀಚಿನ ಜೆಲ್ ಪೆನ್ನು. ನೀಲಿ ಶಾಯಿಯವರು ‘ಸುಳ್ಳು’ ಎಂದು ಬರೆದ ಕಡೆ ಪೆನ್ಸಿಲ್‌ನವರು ಬಾಣ ಎಳೆದು ‘ಯಾವುದು ಸುಳ್ಳು? ತಿಳಿಸಿ’ ಎಂದು ಕೇಳಿದ್ದಾರೆ. ಕೆಲವು ಪುಟಗಳಲ್ಲಿ ಮುದ್ರಿತ ಸಾಲಿಗಿಂತ ಅಂಚಿನ ಸಾಲೇ ಹೆಚ್ಚು.

ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದು ಎಂಬ ನಿಯಮವನ್ನು ಆ ಗ್ರಂಥಪಾಲಕರು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವರು. ಕಾದಂಬರಿಗಳ ಅಂಚಿನಲ್ಲಿ ಹುಡುಗರು ಗೀಚಿದ್ದನ್ನು ಸಂಜೆ ಕೂತು ರಬ್ಬರಿನಲ್ಲಿ ಉಜ್ಜುತ್ತಿದ್ದರು. ಇದೊಂದನ್ನು ಉಜ್ಜಲಿಲ್ಲ. ಕಾರಣ ಕೇಳಿದಾಗ, “ಇದ್ರಲ್ಲಿ ಜಗಳ ಇನ್ನೂ ಮುಗಿದಿಲ್ಲ ಸಾರ್” ಅಂದರು.

ಲಂಕೇಶ್ ಯಾರು ಎಂದು ಈ ಸಭೆಗೆ ಹೇಳಬೇಕಾಗಿಲ್ಲ. ಆದರೂ ಹಿಂದಿನ ಸಾಲಿನಲ್ಲಿ ಕೂತಿರುವ ಪದವಿ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ 1935ರಲ್ಲಿ ಹುಟ್ಟಿದವರು, ಇಂಗ್ಲಿಷ್ ಮೇಷ್ಟರಾಗಿದ್ದವರು. ‘ಅವ್ವ’ ಕವಿತೆ, ‘ಸಂಕ್ರಾಂತಿ’ ನಾಟಕ, ‘ಬಿರುಕು’ ಕಾದಂಬರಿ ಬರೆದವರು. ಬೋದಿಲೇರನನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದವರು, ‘ಪಲ್ಲವಿ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಇಷ್ಟೆಲ್ಲ ಆದ ಮೇಲೆ 1980ರ ಜುಲೈನಲ್ಲಿ ಒಂದು ವಾರಪತ್ರಿಕೆ ಶುರು ಮಾಡಿದರು. ಜಾಹೀರಾತು ಇಲ್ಲ, ಬಣ್ಣ ಇಲ್ಲ. ಓದುಗ ಕೊಡುವ ಚಿಲ್ಲರೆಯಲ್ಲೇ ನಡೆಯಬೇಕಾದ ಪತ್ರಿಕೆ. ಅದೇ ತಿಂಗಳು ನರಗುಂದ-ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಆಗ ಮುಖ್ಯಮಂತ್ರಿ ಆರ್. ಗುಂಡೂರಾವ್. ಮುಂದಿನ ಎರಡೂವರೆ ವರ್ಷ ಆ ಪತ್ರಿಕೆ ಆ ಸರ್ಕಾರವನ್ನು ಬೆನ್ನು ಹತ್ತಿದ್ದನ್ನು, 1983ರ ಜನವರಿಯಲ್ಲಿ ಸರ್ಕಾರ ಬಿದ್ದದ್ದನ್ನು ನೋಡಿದವರು ಇಲ್ಲಿ ಅನೇಕರಿದ್ದಾರೆ. ಬಿದ್ದದ್ದು ಪತ್ರಿಕೆಯಿಂದಲೇ ಎಂದು ನಾನು ಹೇಳುವುದಿಲ್ಲ. ರೈತ ಚಳವಳಿ ಇತ್ತು, ಗೋಕಾಕ್ ಚಳವಳಿ ಇತ್ತು. ಆದರೆ ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯಲ್ಲಿ “ಪತ್ರಿಕೆ ಬಂತಾ?” ಎಂದು ಕೇಳಿದರೆ ಯಾವ ಪತ್ರಿಕೆ ಎಂದು ಅಂಗಡಿಯವನು ಮರುಪ್ರಶ್ನೆ ಹಾಕುತ್ತಿರಲಿಲ್ಲ.

ಆ ಪತ್ರಿಕೆಯಲ್ಲಿ ವಾರವಾರ ಲಂಕೇಶ್ ಬರೆದ ಅಂಕಣ ‘ಟೀಕೆ-ಟಿಪ್ಪಣಿ’. ಅದು ಪುಸ್ತಕವಾದಾಗ ಓದುಗರು ಏನಂದರು, ಅವರ ಆತ್ಮಕಥೆಯ ಬಗ್ಗೆ ಏನಂದರು, ಅವರ ಬಗ್ಗೆ ಬೇರೆಯವರು ಬರೆದ ಪುಸ್ತಕಗಳ ಬಗ್ಗೆ ಏನನ್ನುತ್ತಿದ್ದಾರೆ, ಇದು ಇವತ್ತಿನ ವಿಷಯ. ವಿಮರ್ಶಕರ ಮಾತು ಮುದ್ರಣವಾಗಿದೆ, ಹುಡುಕಿದರೆ ಸಿಗುತ್ತದೆ. ಅಂಗಡಿಯ ಕಟ್ಟೆಯ ಮೇಲೆ, ಸ್ಟಾಫ್ ರೂಮಿನಲ್ಲಿ, ಪುಸ್ತಕದ ಅಂಚಿನಲ್ಲಿ ಬಂದ ಅಭಿಪ್ರಾಯಗಳನ್ನು ನಾನು ಹುಡುಕಿಕೊಂಡು ಹೋದೆ.

ಮೊದಲು ಗಮನಕ್ಕೆ ಬಂದದ್ದು ಇದು. ಲಂಕೇಶರ ಪುಸ್ತಕ ಹೇಗಿದೆ ಎಂದು ಕೇಳಿದರೆ ಹೆಚ್ಚಿನವರು ಲಂಕೇಶ್ ಹೇಗಿದ್ದರು ಎಂದು ಉತ್ತರಿಸುತ್ತಾರೆ. “ಭಾಳ ಧೈರ್ಯದ ಮನುಷ್ಯ” ಎನ್ನುತ್ತಾರೆ, ಅಥವಾ “ಯಾರನ್ನೂ ಬಾಳಗೊಡದ ಮನುಷ್ಯ” ಎನ್ನುತ್ತಾರೆ. ಪುಸ್ತಕದ ಮಾತು ಬರುವುದೇ ಇಲ್ಲ. ಅದಕ್ಕೂ ಮೊದಲೇ ಇನ್ನೊಂದು ಪ್ರಶ್ನೆ ನಮ್ಮಲ್ಲಿ ಎದ್ದಿರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಬರೆದವನು ಯಾವ ಜಾತಿ? ಲಿಂಗಾಯತ ಮನೆಯಲ್ಲಿ ಹುಟ್ಟಿದ ಲಂಕೇಶ್ ಲಿಂಗಾಯತ ನಾಯಕರನ್ನು ಟೀಕಿಸಿದರೆ ‘ಕುಲಕ್ಕೆ ಮೂಲ’, ಬ್ರಾಹ್ಮಣ ಮುಖ್ಯಮಂತ್ರಿಯನ್ನು ಟೀಕಿಸಿದರೆ ‘ಅದಕ್ಕೇ ನೋಡಿ’, ತಮ್ಮದೇ ಜಿಲ್ಲೆಯ ನಾಯಕ ಬಂಗಾರಪ್ಪನವರನ್ನು ಹೊಗಳಿದರೂ ತೆಗಳಿದರೂ ಅದಕ್ಕೊಂದು ಲೆಕ್ಕ. ಹೀಗೆ ಓದುವವರಿಗೆ ಪುಸ್ತಕ ತೆರೆಯುವ ಅಗತ್ಯವೇ ಬೀಳುವುದಿಲ್ಲ. ‘ಸಂಸ್ಕಾರ’ ಚಿತ್ರದಲ್ಲಿ ನಾರಣಪ್ಪನ ಪಾತ್ರ ಮಾಡಿದ್ದವರು ಇದೇ ಲಂಕೇಶ್. ಅಗ್ರಹಾರದ ನೆಮ್ಮದಿ ಕೆಡಿಸಿ ಸತ್ತ ಆ ನಾರಣಪ್ಪನೇ ಹತ್ತು ವರ್ಷದ ಮೇಲೆ ಪತ್ರಿಕೆ ತೆಗೆದ ಎಂದು ನಂಬಿದಂತೆ ಮಾತಾಡುವ ಹಿರಿಯರೊಬ್ಬರನ್ನು ನಾನು ಬಲ್ಲೆ. ಮೆಚ್ಚಿಯೇ ಹಾಗೆ ಹೇಳುತ್ತಿದ್ದರು.

ಮನುಷ್ಯನನ್ನು ಪಕ್ಕಕ್ಕಿಟ್ಟು ಪುಸ್ತಕ ಓದಿ ಎಂದು ಉಪದೇಶ ಮಾಡಲು ನಾನು ಬಂದಿಲ್ಲ. ರಾಜಕೀಯ ಬರೆಯುವವನ ವಿಷಯದಲ್ಲಿ ಅದು ಆಗುವ ಮಾತೂ ಅಲ್ಲ. ವಾರವಾರ ನಮ್ಮ ಮನೆಗೆ ಬಂದು ನಮ್ಮ ನಾಯಕನನ್ನು ಬೈದವನ ಮೇಲೆ ಸಿಟ್ಟೋ ಪ್ರೀತಿಯೋ ಹುಟ್ಟಲೇಬೇಕು. ಆದರೆ ಆ ಸಿಟ್ಟು ಅಥವಾ ಪ್ರೀತಿ ನೂರು ಪುಟ ಓದಿದ ಮೇಲೂ ಒಂದಿಂಚು ಕದಲದಿದ್ದರೆ, ಓದಿದ್ದು ಎಲ್ಲಿ ಹೋಯಿತು? ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಕದಲಿದ ಅಭಿಪ್ರಾಯ. ಈ ಊರಿನ ಎಲ್ಲ ಲಂಕೇಶಾಭಿಮಾನಿಗಳ, ಎಲ್ಲ ಲಂಕೇಶದ್ವೇಷಿಗಳ ಮಾತನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ನಮ್ಮ ದೊಡ್ಡಪ್ಪನ ಒಂದು ಮಾತು ಇಟ್ಟರೆ ನನ್ನ ಕಣ್ಣಿಗೆ ದೊಡ್ಡಪ್ಪನ ಕಡೆಯೇ ತೂಗುತ್ತದೆ. ಅದು ಏಕೆಂದು ಹೇಳುತ್ತೇನೆ.

ದೊಡ್ಡಪ್ಪ ಅಡಕೆ ಮಂಡಿಯಲ್ಲಿ ಗುಮಾಸ್ತರು. ಜನತಾ ಪಕ್ಷದ ಕಾರ್ಯಕರ್ತರು. 1980ರಿಂದ ಪತ್ರಿಕೆ ತರುತ್ತಿದ್ದರು, ‘ಸುಧಾ’ದ ಒಳಗೆ ಮಡಚಿಟ್ಟು. ದೊಡ್ಡಮ್ಮನಿಗೆ ಅದರ ಭಾಷೆ ಹಿಡಿಸುತ್ತಿರಲಿಲ್ಲ, ಹುಡುಗರ ಕೈಗೆ ಸಿಗಬಾರದೆಂಬ ಆಸೆ. ನಮಗೆ ಸಿಗುತ್ತಿತ್ತು ಅನ್ನಿ. ಗುಂಡೂರಾಯರನ್ನು ಪತ್ರಿಕೆ ‘ಗುಂ’ ಎಂದು ಕರೆಯುತ್ತಿತ್ತು. ದೊಡ್ಡಪ್ಪ ಆ ಒಂದಕ್ಷರ ಓದಿದರೆ ಸಾಕು, ಹೊಟ್ಟೆ ಹಿಡಿದು ನಗುತ್ತಿದ್ದರು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ಮಂಡಿಯಲ್ಲಿ ಪೇಡಾ ಹಂಚಿದವರೂ ಅವರೇ. ಆಮೇಲೆ ಅದೇ ಪತ್ರಿಕೆ ಹೆಗಡೆಯವರತ್ತ ತಿರುಗಿತು. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟಿನ ಟೀಕೆ ಬಂದು ಹೆಗಡೆ ರಾಜೀನಾಮೆ ಕೊಟ್ಟರು, ಮೂರು ದಿನಕ್ಕೆ ವಾಪಸ್ ಪಡೆದರು. ಆ ಹೊತ್ತಿಗೆ ದೊಡ್ಡಪ್ಪ ಪತ್ರಿಕೆ ನಿಲ್ಲಿಸಿದ್ದರು. ಏಜೆಂಟನಿಗೆ ಬಾಕಿ ಚುಕ್ತಾ ಮಾಡಿ, “ಇನ್ಮೇಲೆ ಆ ಹರಕು ಬಾಯಿ ನಮ್ಮನೆಗೆ ಬೇಡ” ಅಂದಿದ್ದು ನನಗೆ ನೆನಪಿದೆ. ಆರು ವರ್ಷ ಯಾವ ಬಾಯಿಗೆ ಮರುಳಾಗಿದ್ದರೋ ಅದೇ ಬಾಯಿ. 1988ರಲ್ಲಿ ಫೋನ್ ಕದ್ದಾಲಿಕೆಯ ಹಗರಣದಲ್ಲಿ ಹೆಗಡೆ ಅಧಿಕಾರ ಬಿಟ್ಟಾಗಲೂ ದೊಡ್ಡಪ್ಪನಿಗೆ ಸಮಾಧಾನವಾಗಲಿಲ್ಲ, ಸಿಟ್ಟು ಇನ್ನಷ್ಟು ಗಟ್ಟಿಯಾಯಿತು.

2000ದ ಜನವರಿ 25ರಂದು ಲಂಕೇಶ್ ತೀರಿಕೊಂಡರು. ದೊಡ್ಡಪ್ಪ ಪೇಪರಿನಲ್ಲಿ ಸುದ್ದಿ ಓದಿ, ಮಡಚಿಟ್ಟು, ಏನೂ ಹೇಳಲಿಲ್ಲ. ಕೆಲವು ವರ್ಷ ಕಳೆದು, ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿ ಕೂತಿದ್ದಾಗ, ಓದಲು ಏನಾದರೂ ಕೊಡು ಅಂದರು. ನನ್ನ ಹತ್ತಿರ ‘ಹುಳಿಮಾವಿನ ಮರ’ ಇತ್ತು. ಲಂಕೇಶರ ಆತ್ಮಕಥೆ. ಕೊಡಲೋ ಬೇಡವೋ ಎಂದು ಯೋಚಿಸಿ ಕೊಟ್ಟೆ. ಒಂಬತ್ತು ದಿನ ಓದಿದರು, ದಿನಕ್ಕಿಷ್ಟು ಎಂದು, ಪೋಸ್ಟ್ ಕಾರ್ಡನ್ನು ಗುರುತಿಗಿಟ್ಟು. ವಾಪಸ್ ಕೊಡುವಾಗ ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು, “ಇವನು ತನ್ನನ್ನೂ ಬಿಟ್ಟಿಲ್ಲ ಕಣೋ” ಅಂದರು. ಸ್ವಲ್ಪ ಹೊತ್ತಾದ ಮೇಲೆ, “ಆದ್ರೂ ಹೆಗಡೆ ವಿಷಯದಲ್ಲಿ ಅವನು ಹಾಗೆ ಬರೀಬಾರದಿತ್ತು” ಎಂದು ಸೇರಿಸಿದರು.

ಈ ಎರಡು ವಾಕ್ಯ ಒಟ್ಟಿಗೆ ಇರುವುದನ್ನು ಗಮನಿಸಿ. ಮೊದಲನೆಯದು ಪುಸ್ತಕ ಕೊಟ್ಟದ್ದು. ಎರಡನೆಯದನ್ನು ಅವರು ಹದಿನೈದು ವರ್ಷದಿಂದ ಹೊತ್ತುಕೊಂಡಿದ್ದರು, ಪುಸ್ತಕ ಓದಿದರೆಂದು ಅದನ್ನು ಬಿಟ್ಟುಕೊಡಲಿಲ್ಲ. ಆದರೆ ಮೊದಲು ‘ಹರಕು ಬಾಯಿ’ ಇದ್ದದ್ದು ಈಗ ‘ಹಾಗೆ ಬರೀಬಾರದಿತ್ತು’ ಎಂಬಲ್ಲಿಗೆ ಬಂದಿತ್ತು. ಮನುಷ್ಯನ ಮೇಲಿದ್ದ ಸಿಟ್ಟು ಬರಹದ ಮೇಲಿನ ತಕರಾರಾಗಿತ್ತು. ತಕರಾರಿಗೆ ಉತ್ತರ ಕೊಡಬಹುದು. ಸಿಟ್ಟಿಗೆ ಏನು ಕೊಡಲು ಸಾಧ್ಯ?

ಈಗ ಅಂಕಣದ ಪುಸ್ತಕಕ್ಕೆ ಬರುತ್ತೇನೆ. ವಾರಕ್ಕೊಮ್ಮೆ ಬಿಸಿಬಿಸಿಯಾಗಿ ಬಂದ ಬರಹವನ್ನು ರಟ್ಟು ಹಾಕಿ ಕಪಾಟಿನಲ್ಲಿಟ್ಟರೆ ಅದರ ಅರ್ಧ ಜೀವ ಹೋಗುತ್ತದೆ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಗಳಿಗೆ ‘ಟೀಕೆ-ಟಿಪ್ಪಣಿ’ ಓದಲು ಕೊಟ್ಟಾಗ, ಯಾರು ಈ ಮಂತ್ರಿ, ಯಾವುದು ಈ ಉಪಚುನಾವಣೆ ಎಂದು ಪುಟಪುಟಕ್ಕೆ ನಿಂತರು. ಇದಕ್ಕೆ ಬೇಕಾದ ಟಿಪ್ಪಣಿಯನ್ನು ಯಾರಾದರೂ ಸಂಪಾದಕರು ಕೂತು ಮಾಡಲೇಬೇಕು. ಅದು ಕನ್ನಡಕ್ಕೆ ಬಾಕಿ ಇರುವ ಕೆಲಸ. ಆದರೆ ಅದೇ ವಿದ್ಯಾರ್ಥಿಗಳು ಇನ್ನೊಂದು ವಿಷಯ ಹೇಳಿದರು. ‘ಗುಂ’ ಎಂದು ಓದಿದಾಗ ಅವರಿಗೆ ನಗು ಬರಲಿಲ್ಲ. ಅವರಲ್ಲೊಬ್ಬ ಹುಡುಗಿ ಕೇಳಿದಳು, “ಸರ್, ಹೆಸರು ಪೂರ್ತಿ ಹೇಳಿ ಬೈದಿದ್ರೆ ಏನಾಗ್ತಿತ್ತು?”

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಲಂಕೇಶರನ್ನು ಪ್ರೀತಿಸುವ ನಾನು ಅವಳ ಪ್ರಶ್ನೆಗೆ ತಲೆಬಾಗುತ್ತೇನೆ. ಅಡ್ಡಹೆಸರು ಇಟ್ಟ ಕೂಡಲೇ ಓದುಗ ನಗುತ್ತಾನೆ, ನಕ್ಕ ಕೂಡಲೇ ಪುರಾವೆ ಕೇಳುವುದನ್ನು ಮರೆಯುತ್ತಾನೆ. ನಮ್ಮ ದೊಡ್ಡಪ್ಪನಿಗೆ ಆದದ್ದು ಅದೇ. ಆರು ವರ್ಷ ನಗಿಸಿದ ಆಯುಧ ತನ್ನವರ ಕಡೆ ತಿರುಗಿದಾಗ ಅವರಿಗೆ ತಡೆದುಕೊಳ್ಳಲು ಆಗಲಿಲ್ಲ. ಲಂಕೇಶರ ಆ ಧಾಟಿಯನ್ನು ಮಾತ್ರ ಕಲಿತು, ಅವರ ಓದು, ಅವರ ಅಳುಕು, ಅವರ ಕವಿಯ ಕಿವಿ ಯಾವುದೂ ಇಲ್ಲದ ವಾರಪತ್ರಿಕೆಗಳು ಆಮೇಲೆ ಎಷ್ಟು ಬಂದವು, ಎಷ್ಟು ಮನೆಗಳ ಮಾನ ಹಾಳುಮಾಡಿದವು ಎಂಬುದೂ ನಮಗೆ ಗೊತ್ತಿದೆ. ಅದರ ಹೊಣೆ ಪೂರ್ತಿ ಲಂಕೇಶರದಲ್ಲ. ಸ್ವಲ್ಪವೂ ಅಲ್ಲ ಎಂದರೆ ಅದು ಅಭಿಮಾನದ ಮಾತಾಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯ. ಅದೇ ಕಪ್ಪುಬಿಳುಪು ಹಾಳೆಯಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು. ಬಾನು ಮುಷ್ತಾಕ್ ಹಾಸನದಿಂದ ಅದಕ್ಕೆ ವರದಿ ಮಾಡುತ್ತಿದ್ದರು. 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದ ಮೂಲಕ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಹಳೆಯ ಓದುಗರು ಹಳೆಯ ಸಂಚಿಕೆ ಹುಡುಕಿದರು. ಅದೇ ಹಾಳೆಯ ಮೂಲೆಯಲ್ಲಿ ‘ನೀಲು’ ಹೆಸರಿನಲ್ಲಿ ನಾಲ್ಕೈದು ಸಾಲಿನ ಪದ್ಯ ಬರುತ್ತಿತ್ತು. ರಾಜಕೀಯದ ಪುಟ ಬೇಡವೆಂದು ತಿರುಗಿಸಿ ನೀಲುವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡ ಹೆಣ್ಣುಮಕ್ಕಳು ನಮ್ಮ ಬೀದಿಯಲ್ಲೇ ಮೂವರಿದ್ದರು. ಸಂಪಾದಕರ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಿದ್ದ ನಮ್ಮ ದೊಡ್ಡಮ್ಮನ ಹಿರಿ ಮಗಳು ಅವರಲ್ಲೊಬ್ಬಳು. ನೀಲು ಬರೆದವರೂ ಲಂಕೇಶರೇ ಎಂದು ತಿಳಿದಾಗ ಅಕ್ಕ ನೋಟ್‌ಬುಕ್ ಎಸೆಯಲಿಲ್ಲ. ಇವತ್ತಿಗೂ ಅವಳ ಬೀರುವಿನಲ್ಲಿದೆ.

ಇನ್ನು ಅವರ ಬಗ್ಗೆ ಬಂದ ಪುಸ್ತಕಗಳು. ನಟರಾಜ್ ಹುಳಿಯಾರ್ ಅವರ ‘ಇಂತಿ ನಮಸ್ಕಾರಗಳು’ ಲಂಕೇಶರನ್ನೂ ವಿಮರ್ಶಕ ಡಿ.ಆರ್. ನಾಗರಾಜರನ್ನೂ ಒಟ್ಟಿಗೆ ಇಟ್ಟು ನೋಡುತ್ತದೆ. ಹುಳಿಯಾರ್ ಅವರಿಗೆ ಪತ್ರಿಕೆಯ ಒಳಗು ಗೊತ್ತು, ಗುರುವಿನ ಮೇಲೆ ಪ್ರೀತಿಯೂ ಇದೆ. ಶಿಷ್ಯ ಬರೆದದ್ದು, ಇನ್ನೇನು ಬರೆದಾನು ಎಂದು ಓದದೆ ಪಕ್ಕಕ್ಕಿಟ್ಟವರ ಮಾತು ನಾನು ಕೇಳಿದ್ದೇನೆ. ಓದಿದವರು ಹಾಗೆ ಹೇಳುವುದಿಲ್ಲ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಂದಿರಾ ಲಂಕೇಶ್ ಅವರ ‘ಹುಳಿಮಾವು ಮತ್ತು ನಾನು’ ಪುಸ್ತಕದ ಹತ್ತಿರ. ಗಂಡನ ಆತ್ಮಕಥೆಯ ಹೆಸರನ್ನೇ ತೆಗೆದುಕೊಂಡು ಅದರ ಪಕ್ಕದಲ್ಲಿ ‘ನಾನು’ ಎಂದು ಬರೆದ ಹೆಣ್ಣುಮಗಳು. ಮೂವರು ಮಕ್ಕಳನ್ನು ಬೆಳೆಸುತ್ತ, ಸೀರೆ ವ್ಯಾಪಾರ ಮಾಡಿ ಮನೆಗೆ ಆಸರೆಯಾದವರು. ಲಂಕೇಶರ ಓದುಗರಲ್ಲಿ ಈ ಪುಸ್ತಕ ಒಂದು ಗೆರೆ ಎಳೆದಂತಾಯಿತು. ಮೇಷ್ಟ್ರ ಅಭಿಮಾನಿಗಳಲ್ಲಿ ಕೆಲವರು, ಸತ್ತವರ ಬಗ್ಗೆ ಮನೆಯವರೇ ಹೀಗೆ ಬರೆಯಬೇಕಿತ್ತೇ ಎಂದು ನೊಂದರು. ಲಂಕೇಶರನ್ನು ಕಂಡರಾಗದವರು, ನೋಡಿ ನಾವು ಹೇಳಿರಲಿಲ್ಲವೇ ಎಂದು ಪುಸ್ತಕವನ್ನು ಎತ್ತಿಹಿಡಿದರು. ಎರಡು ಕಡೆಯವರೂ ಮತ್ತೆ ಲಂಕೇಶರ ಬಗ್ಗೆಯೇ ಮಾತಾಡಿದರು. ಪುಸ್ತಕ ಬರೆದವರು ಇಂದಿರಾ ಎಂಬುದು ಇಬ್ಬರಿಗೂ ಮರೆತುಹೋಯಿತು.

ನಮ್ಮ ಓದುವ ಬಳಗದಲ್ಲಿ ಈ ಪುಸ್ತಕ ಚರ್ಚೆಗೆ ಬಂದ ದಿನ ನಿವೃತ್ತ ನರ್ಸ್ ಒಬ್ಬರು ಕೊನೆಗೆ ಮಾತಾಡಿದರು. ಅವರು ಲಂಕೇಶರ ಒಂದು ಸಾಲೂ ಓದಿದವರಲ್ಲ. “ಈ ಯಮ್ಮ ಅಂಗಡಿ ಲೆಕ್ಕ, ಮಕ್ಕಳ ಫೀಸು, ಮನೆಗೆ ಬಂದೋರ ಊಟ ಎಲ್ಲ ನಿಭಾಯ್ಸಿದಾರೆ. ಅಷ್ಟಾದ್ರೂ ಗಂಡನ್ನ ದೂರೋಕೆ ಅಂತ ಬರ್ದಿಲ್ಲ. ನಾನೂ ಇದ್ದೆ ಅಂತ ಬರ್ದಿದಾರೆ” ಅಂದರು. ಆ ಮಧ್ಯಾಹ್ನ ಕೋಣೆಯಲ್ಲಿದ್ದ ಹದಿನೆಂಟು ಮಂದಿಯಲ್ಲಿ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳಿದವರು ಅವರೊಬ್ಬರೇ.

ಮಗಳ ವಿಷಯ ಬಾರದೆ ಈ ಮಾತು ಪೂರ್ತಿಯಾಗದು. ಇಂಗ್ಲಿಷ್ ಪತ್ರಿಕೋದ್ಯಮದಲ್ಲಿದ್ದ ಗೌರಿ ಲಂಕೇಶ್ ತಂದೆ ತೀರಿಕೊಂಡ ಮೇಲೆ ಕನ್ನಡಕ್ಕೆ ಬಂದರು, 2005ರಲ್ಲಿ ತಮ್ಮದೇ ವಾರಪತ್ರಿಕೆ ತೆಗೆದರು, ‘ಕಂಡಹಾಗೆ’ ಅಂಕಣ ಬರೆದರು. 2016ರ ನವೆಂಬರಿನಲ್ಲಿ ಮಾನನಷ್ಟ ಮೊಕದ್ದಮೆಯೊಂದರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು, ಜಾಮೀನೂ ಸಿಕ್ಕಿತು. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಆಮೇಲೆ ಪುಸ್ತಕಗಳು ಬಂದವು. ಚಂದನ್ ಗೌಡ ಸಂಪಾದಿಸಿದ ಅವರ ಬರಹಗಳ ಇಂಗ್ಲಿಷ್ ಸಂಕಲನ, ಚಿದಾನಂದ ರಾಜಘಟ್ಟ ಅವರ ‘ಇಲ್ಲಿಬರಲ್ ಇಂಡಿಯಾ’, ರೋಲೋ ರೋಮಿಗ್ ಅವರ ‘ಐ ಆಮ್ ಆನ್ ದ ಹಿಟ್ ಲಿಸ್ಟ್’. ಇವುಗಳ ಬಗ್ಗೆ ಜನ ಆಡುವ ಮಾತನ್ನು ಕೇಳುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಕಡೆ, ಪುಸ್ತಕವನ್ನು ಮುಟ್ಟದೆಯೇ ಸತ್ತವರನ್ನು ಹೀಯಾಳಿಸುವ ಮಾತು. ಅದನ್ನು ಅಭಿಪ್ರಾಯ ಎಂದು ಕರೆಯಲು ನಾನು ತಯಾರಿಲ್ಲ. ಇನ್ನೊಂದು ಕಡೆ, ನಮ್ಮವರದೇ ಮೌನ. ಕೊಲೆಯಾದ ಹೆಣ್ಣುಮಗಳ ಅಂಕಣದಲ್ಲಿ ಈ ವಾದ ಸಡಿಲ, ಈ ಮಾಹಿತಿ ಸಾಲದು ಎಂದು ಹೇಳಲು ನಮಗೆ ನಾಲಿಗೆ ಬರುವುದಿಲ್ಲ. ನನಗೂ ಬರುತ್ತಿರಲಿಲ್ಲ. ಆದರೆ ಗೌರಿ ಬದುಕಿದ್ದಾಗ ವಾರವಾರ ಜಗಳಕ್ಕೆ ಸಿದ್ಧರಾಗಿ ಬರೆದವರು. ಅವರೊಂದಿಗೆ ವಾದ ಮಾಡುವುದನ್ನು ನಾವು ನಿಲ್ಲಿಸಿದರೆ ಅವರನ್ನು ಬರಹಗಾರ್ತಿ ಎಂದು ಒಪ್ಪುವುದನ್ನೇ ನಿಲ್ಲಿಸಿದಂತೆ. ಗುಂಡು ಹೊಡೆದವರಿಗೆ ಬೇಕಿದ್ದದ್ದೂ ವಾದ ನಿಲ್ಲುವುದೇ. ಹಾಗಾಗಿ ನಾನು ಈಗ ‘ಕಂಡಹಾಗೆ’ಯನ್ನು ಪೆನ್ಸಿಲ್ ಹಿಡಿದು ಓದುತ್ತೇನೆ. ಒಪ್ಪದ ಕಡೆ ಗೆರೆ ಹಾಕುತ್ತೇನೆ. ಗೆರೆ ಹಾಕುವಾಗ ಕೈ ನಡುಗುತ್ತದೆ, ಆದರೂ ಹಾಕುತ್ತೇನೆ.

ಪೆನ್ಸಿಲ್ ಎಂದಾಗ ಮತ್ತೆ ಆ ಗ್ರಂಥಾಲಯದ ಪ್ರತಿಗೆ ಬರುತ್ತೇನೆ. ನೀಲಿ ಶಾಯಿಯವರ, ಪೆನ್ಸಿಲ್‌ನವರ ಜಗಳ ಪುಸ್ತಕದ ಮುಕ್ಕಾಲು ಭಾಗದವರೆಗೆ ನಡೆಯುತ್ತದೆ. ಹೆಗಡೆಯವರ ವಿಷಯ ಬರುವ ಪುಟವೊಂದರಲ್ಲಿ ನೀಲಿ ಶಾಯಿಯವರು ಲಂಕೇಶರಿಗೆ ಒಂದು ಬೈಗುಳ ಬರೆದಿದ್ದಾರೆ; ಈ ವೇದಿಕೆಯಲ್ಲಿ ಓದುವಂಥದ್ದಲ್ಲ. ಪೆನ್ಸಿಲ್‌ನವರು ಅಲ್ಲಿ ಉತ್ತರ ಕೊಟ್ಟಿಲ್ಲ, ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದಾರೆ. ಅದರ ಕೆಳಗೆ ಜೆಲ್ ಪೆನ್ನಿನಲ್ಲಿ, ಎಷ್ಟೋ ವರ್ಷದ ನಂತರ, ಮೂರನೆಯವರು ಬರೆದದ್ದು ಇಷ್ಟು: “ಇದು ನಮ್ಮ ಅಪ್ಪನ ಅಕ್ಷರ. ಅವರು ಬರೆದದ್ದು ತಪ್ಪು. ದಯವಿಟ್ಟು ಅಳಿಸಬೇಡಿ.”

ಗ್ರಂಥಪಾಲಕರು ನಿವೃತ್ತರಾಗುವ ವರ್ಷ ಹಾಳಾದ ಪುಸ್ತಕಗಳನ್ನು ರದ್ದುಪಡಿಸುವ ಪಟ್ಟಿ ತಯಾರಾಯಿತು. ಬೆನ್ನು ಕಿತ್ತ ಈ ಪ್ರತಿಯೂ ಪಟ್ಟಿಯಲ್ಲಿತ್ತು. ಅವರು ಅದನ್ನು ಪಟ್ಟಿಯಿಂದ ಹೊಡೆದುಹಾಕಿ, ಮನೆಗೆ ಒಯ್ದು, ತಮ್ಮ ಕೈಯಾರೆ ಹೊಲಿದು ರಟ್ಟು ಹಾಕಿ ಮತ್ತೆ ಕಪಾಟಿನಲ್ಲಿಟ್ಟರು. ಈಗಿನ ಗ್ರಂಥಪಾಲಕರ ಅನುಮತಿ ಪಡೆದು ನಾನು ಅದನ್ನು ಇವತ್ತು ಇಲ್ಲಿಗೆ ತಂದಿದ್ದೇನೆ, ಈ ಮೇಜಿನ ಮೇಲೆ ಇದೆ. ನೋಡಬೇಕೆನ್ನುವವರು ಬಂದು ನೋಡಬಹುದು. ಪುಟ ತಿರುಗಿಸುವಾಗ ಸ್ವಲ್ಪ ನಿಧಾನ ಇರಲಿ. ಸೋಮವಾರ ವಾಪಸ್ ಕೊಡಬೇಕು.